ಅತ್ತೆ ಒಗೆದ ಕುಪ್ಪಸಗಳು

ಕಳೆದ ವಾರ ಕೊಲ್ಹಾಪುರದ ಮದುವೆಯೊಂದರಿಂದ ಬಂದವಳೇ ಮಗಳ ಕುಪ್ಪಸ ಒಗೆಯಲು ಕೂತೆ. ಕೊರಳ ಅಂಚಿಗೆಲ್ಲ ಮುಖದ ಫೌಂಡೇಶನ್ ಮೆತ್ತಿಕೊಂಡಿತ್ತು. ಪಾತ್ರೆ ತೊಳೆಯುವ ಸೋಪಿನ ಒಂದೆರಡು ಹನಿ ಹಾಕಿದೆ. ನಿಂಬೆಯ ವಾಸನೆ ಎದ್ದಿತು. ಅದರ ಜೊತೆಗೇ ಅತ್ತೆ...

ಅವಳು ಅಪ್ಪನ ತಂಗಿ. ಇಚಲಕರಂಜಿಯ ನಮ್ಮ ಮನೆಯಲ್ಲೇ ಬೆಳೆದವಳು. ಸುತ್ತಲಿನ ಮಗ್ಗಗಳ ಸದ್ದನ್ನು ಮೀರಿಸುವಂತೆ ನಗುತ್ತಿದ್ದಳು. ಕಿವಿಯ ಕೆಳಗಿಂದ ಕೊರಳವರೆಗೆ ಅವಳಿಗೊಂದು ತೊನ್ನಿನ ಬಿಳಿ ಮಚ್ಚೆ ಇತ್ತು. ನಮಗ್ಯಾರಿಗೂ ಅದು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ, ಹೆಣ್ಣು ನೋಡಲು ಜನ ಬರತೊಡಗುವವರೆಗೆ. ಬಂದವರು ಚಹಾ ಕುಡಿದು, ಕೊರಳು ನೋಡಿ, ಎದ್ದು ಹೋಗುತ್ತಿದ್ದರು. ಕೊನೆಗೆ ಅಪ್ಪ ಪಾರ್ಲರಿನವಳನ್ನು ಮನೆಗೇ ಕರೆಸಿದ. ಗಡಹಿಂಗ್ಲಜದ ವ್ಯಾಪಾರಸ್ಥರು ಬಂದ ದಿನ ಅತ್ತೆಯ ಕೊರಳು ಒಂದೇ ಬಣ್ಣದ್ದಾಗಿತ್ತು.

"ಹೇಳಿಬಿಡೂಣು ಅಣ್ಣಾ," ಎಂದಿದ್ದಳು ಅತ್ತೆ.

"ಮೊದಲ ಮದವಿ ಆಗಲಿ. ಆಮ್ಯಾಲ ಯಾರ ಕೇಳ್ತಾರ?"

ಮದುವೆಯಾಯಿತು. ಕೇಳುವವರೇನೋ ಇರಲಿಲ್ಲ, ಆದರೆ ಹೇಳುವ ಧೈರ್ಯವೂ ಅತ್ತೆಗೆ ಬರಲಿಲ್ಲ. ರಜೆಯಲ್ಲಿ ನಾನು ಅವಳ ಮನೆಗೆ ಹೋದಾಗ ನೋಡಿದ್ದೆ. ಎಲ್ಲರಿಗಿಂತ ಮೊದಲು ಎದ್ದು, ಸ್ನಾನ ಮುಗಿಸಿ, ಬಚ್ಚಲಿನಲ್ಲೇ ಕೊರಳಿಗೆ ಬಣ್ಣ ಹಚ್ಚಿಕೊಂಡೇ ಹೊರಬರುತ್ತಿದ್ದಳು. ಹಿಂದಿನ ದಿನದ ಕುಪ್ಪಸವನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಕಲೆಯ ಮೇಲೆ ಪಾತ್ರೆ ತೊಳೆಯುವ ನಿಂಬೆ ವಾಸನೆಯ ಸೋಪು ಹಚ್ಚಿ, ಒಳಗಿನಿಂದ ಹಳೆಯ ಧೋತರದ ಚೂರು ಒತ್ತಿ ಒತ್ತಿ ತೆಗೆಯುತ್ತಿದ್ದಳು. "ತಿಕ್ಕಬ್ಯಾಡ, ಹರಡತೈತಿ. ಬಿಸಿನೀರಂತೂ ಹಾಕಲೇಬ್ಯಾಡ, ಕೂತಬಿಡತೈತಿ," ಎಂದು ಪಿಸುಗುಡುತ್ತಿದ್ದಳು. ಆ ಮನೆಯಲ್ಲಿ ಅವಳು ನಕ್ಕದ್ದು ನನಗೆ ಕೇಳಿಸಿದ್ದೇ ಇಲ್ಲ.

ಒಂದು ಮಳೆಗಾಲ ಅವಳಿಗೆ ಜ್ವರ ಹಿಡಿಯಿತು. ನೋಡಿಕೊಳ್ಳಲೆಂದು ಅಪ್ಪ ನನ್ನನ್ನು ಕಳಿಸಿದ್ದ. ಹಾಸಿಗೆ ಹಿಡಿದವಳ ಬಟ್ಟೆಗಳನ್ನು ಅವಳ ಗಂಡನ ತಾಯಿಯೇ ಒಗೆಯಲು ಎತ್ತಿಕೊಂಡಳು. ನಾನು ತಡೆಯುವಷ್ಟರಲ್ಲಿ ಕುಪ್ಪಸದ ಅಂಚು ಅವಳ ಬೆರಳಲ್ಲಿತ್ತು. "ಹೇ ಕಾಯ ಗ? ಏನಿದು ಬಣ್ಣ?" ಎನ್ನುತ್ತ ಒಳಗೆ ಬಂದವಳು ಒದ್ದೆ ಟವೆಲಿನಿಂದ ಅತ್ತೆಯ ಕೊರಳನ್ನು ಉಜ್ಜಿದಳು. ಪಾತ್ರೆ ಉಜ್ಜುವ ಹಾಗೆ ಉಜ್ಜಿದಳು. ಬಿಳಿ ಮಚ್ಚೆ ಹೊರಬಿತ್ತು, ಅದರ ಸುತ್ತ ಚರ್ಮ ಕೆಂಪಗಾಗಿತ್ತು. ಅತ್ತೆಯ ಗಂಡ ಮಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅತ್ತೆ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಮಾತ್ರೆಯನ್ನು ಕಿಟಕಿಯಲ್ಲಿಟ್ಟು ಅಂಗಡಿಗೆ ಹೋದ.

ಜ್ವರ ಇಳಿಯುವ ಮೊದಲೇ ಅವಳನ್ನು ನಮ್ಮ ಮನೆಗೆ ತಂದುಬಿಟ್ಟರು. ಅಪ್ಪ ಹಣೆ ಚಚ್ಚಿಕೊಂಡ. "ಸ್ವಲ್ಪ ಸಂಭಾಳಿಸಿಕೊಂಡು ಇರಬಾರದಿತ್ತೇನು?"

"ಬಣ್ಣ ಹಚ್ಚಿಸಿದಾಂವ ನೀನು," ಎಂದಳು ಅತ್ತೆ. "ಒರಸಾಕ ನಾ ಒಬ್ಬಾಕೀನ ಆದ್ನಲ್ಲೋ ಅಣ್ಣಾ."

ಆಮೇಲೆ ಅವಳು ಎಂದೂ ಬಣ್ಣ ಹಚ್ಚಲಿಲ್ಲ. ಮಗ್ಗದ ಶೆಡ್ಡಿನಲ್ಲಿ ಬಟ್ಟೆ ಮಡಚುವ ಕೆಲಸಕ್ಕೆ ಹೋದಳು. ಕೊರಳಿನದು ಮುಖಕ್ಕೆ ಹಬ್ಬಿತು, ಕೈಗಳಿಗೆ ಹಬ್ಬಿತು. ಅಪ್ಪನ ಜೊತೆ ಮಾತು ಹಾಗೇ ನಿಂತಿತು. ಅವನಿಗೆ ಮಣ್ಣು ಕೊಟ್ಟ ದಿನವೂ ಅವಳು ಅಳಲಿಲ್ಲ.

ಮುಂದೆ ಅವಳೂ ಹೋದಳು... ಎದೆನೋವೆಂದು ಕೂತವಳು ಏಳಲೇ ಇಲ್ಲ. ಸಾವಿನ ಮನೆಗೆ ಮಾತಾಡಿಸಲು ಬಂದವರಲ್ಲಿ ಆ ಗಂಡನೂ ಇದ್ದ. ಬೇರೆ ಮದುವೆಯಾಗಿ, ಮಕ್ಕಳಾಗಿ, ಕೂದಲು ನರೆತಿತ್ತು. ಕೂತವನೇ ಹೇಳಿದ:

"ನನಗ ಮದವಿ ಆದ ಹೊಸದಾಗ ಗೊತ್ತಾಗಿತ್ರಿ. ನನಗ ಅದರದೇನೂ ತ್ರಾಸ ಇರಲಿಲ್ಲ."

ಅವ್ವ ಅವನಿಗೆಂದು ತಂದ ಚಹಾ ಕೈಯಲ್ಲೇ ಹಿಡಿದು ನಿಂತಳು. "ಅಕೀಗೆ ಹೇಳಿದ್ರ್ಯಾ?"

ಅವನು ಚಹಾಕ್ಕೆ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ. ಅವ್ವ ಚಹಾವನ್ನು ಒಳಗೆ ಒಯ್ದಳು.

ಈಗ ಅವ್ವನೂ ಇಲ್ಲ. ಆಜರಾಕ್ಕೆ ಕೆಲಸಕ್ಕೆ ಹೋಗುವಾಗ ಗಡಹಿಂಗ್ಲಜದ ಬಸ್ ಸ್ಟ್ಯಾಂಡಿನಲ್ಲಿ ಆತ ಕೆಲವೊಮ್ಮೆ ಸಿಗುತ್ತಾನೆ. "ಆರಾಮ ಅದೀರಿ?" ಎನ್ನುತ್ತಾನೆ. "ಹೌದ್ರಿ," ಎಂದು ನಾನು ಬಸ್ಸಿನ ಕಡೆ ನೋಡುತ್ತೇನೆ. ಅತ್ತೆಯ ಮಾತು ತೆಗೆಯಲು ನನಗೆ ಈ ಲೋಕದಲ್ಲಿ ಉಳಿದಿರುವವನು ಅವನೊಬ್ಬನೇ. ಅವನ ಜೊತೆ ಮಾತ್ರ ನಾನು ಆ ಮಾತು ತೆಗೆಯಲಾರೆ.