ಮೂಸೆಯ ತಳದಲ್ಲಿ ಕೂತದ್ದನ್ನು ಕಂಡವರು

ಪರಮಾಣು ತ್ಯಾಜ್ಯವನ್ನು ಕರಗಿಸಿ ಗಾಜಾಗಿಸುವ ವಿದ್ಯೆಯಲ್ಲಿ ಕುಲುಮೆ ಕಟ್ಟಿದವರ ಹೆಸರು ದೊಡ್ಡದು. ಆ ಕುಲುಮೆಯ ಗಂಟಲು ಕಟ್ಟದಂತೆ ಕಾದವರ ಹೆಸರು ಅಮೆರಿಕದ ನಮ್ಮ ರಿಚ್‌ಲ್ಯಾಂಡ್ ಊರಿನ ಆಚೆ ಕೇಳಿದವರೇ ಕಡಿಮೆ. ಹಾಗೆ ಕಾದವರಲ್ಲಿ ಮೊದಲ ಸಾಲಿಗೆ ಸಲ್ಲುವ ಶ್ರೀಮತಿ ವರ್ಲೀನ್ ಓಸ್ಟ್‌ಬಿಯವರು ಮೂವತ್ತಾರು ವರ್ಷಗಳ ಸೇವೆ ಮುಗಿಸಿ ಈ ವಸಂತದಲ್ಲಿ ನಿವೃತ್ತರಾಗುತ್ತಿದ್ದಾರೆ.

ಬಾಟಲಿ ಕಾರ್ಖಾನೆಯಿಂದ ನಮ್ಮ ಪ್ರಯೋಗಾಲಯಕ್ಕೆ ಬಂದಾಗ ಅವರ ಬಳಿ ಪದವಿ ಇರಲಿಲ್ಲ, ಗಾಜಿನ ಹದ ಬಲ್ಲ ಕಣ್ಣಿತ್ತು. ಕಾವು ಇಳಿದ ಕಡೆ ಕರಗಿದ ಗಾಜಿನೊಳಗೆ ತ್ಯಾಜ್ಯದ ಕಬ್ಬಿಣ, ನಿಕ್ಕಲ್, ಕ್ರೋಮಿಯಂ ಕೂಡಿ ಕರಿ ಹರಳುಗಳಾಗುತ್ತವೆ. ಕುಲುಮೆ ಸುಮ್ಮನೆ ನಿಂತ ದಿನಗಳಲ್ಲಿ ಅವು ಮೆಲ್ಲಗೆ ಇಳಿದು, ಗಾಜು ಹೊರಬರುವ ಕೊಳವೆಯಲ್ಲಿ ಕೂತುಬಿಡುತ್ತವೆ. ಒಮ್ಮೆ ಕೂತರೆ ವಿಕಿರಣದ ನಡುವೆ ಹೋಗಿ ಕೆರೆಯಲಾಗದು. ಹರಳಿಗೆ ಹೆದರಿ ತ್ಯಾಜ್ಯ ಕಡಿಮೆ ಬೆರೆಸಿದರೋ, ಆ ತ್ಯಾಜ್ಯ ತುಂಬಿಟ್ಟ ನೆಲದಡಿಯ ಹಳೇ ತೊಟ್ಟಿಗಳು ಬರಿದಾಗುವುದು ಇನ್ನಷ್ಟು ತಡ. ಎಷ್ಟು ಬೆರೆಸಬಹುದೆಂದು ಹೇಳುತ್ತಿದ್ದದ್ದು ವರ್ಲೀನರ ಅಂಕಿಗಳು. ವಿಕಿರಣವಿಲ್ಲದ ನಕಲಿ ತ್ಯಾಜ್ಯ ಬೆರೆಸಿದ ಗಾಜನ್ನು ಪುಟ್ಟ ಮೂಸೆಯಲ್ಲಿ ವಾರಗಟ್ಟಲೆ ಕಾಯಿಸಿ, ಆರಿಸಿ, ಕೊಯ್ದು, ಸೂಕ್ಷ್ಮದರ್ಶಕದಡಿ ಹರಳು ಎಣಿಸುವುದು ಅವರ ಕೆಲಸ. ಮೂಸೆಗೆ ಅಂಟಿದ ಗಾಜು ಕೆಟ್ಟಿರುತ್ತದೆಂದು ತಳವನ್ನು ಬಿಸಾಡಿ, ನಡುವಿನ ತುಂಡನ್ನಷ್ಟೇ ನೋಡುವುದು ಅವರೇ ಹಾಕಿಕೊಟ್ಟ ಪದ್ಧತಿ.

ಆ ಗಾಜು ಕೊಯ್ಯುವ ಗರಗಸ ನಡೆಸುವ ಡ್ವೈಟ್ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಕಾರು ಓಡಿಸಲಾರದಾದಾಗ, ಆರು ವಾರ ದಿನವೂ ನದಿಯಾಚೆಯ ಅವರ ಮನೆಗೆ ಹೋಗಿ ಕರೆತಂದವರು ವರ್ಲೀನ್. ದಾರಿಯುದ್ದಕ್ಕೂ ಇಬ್ಬರಿಗೂ ಜಗಳ, ಆ ಮಾತು ಬೇರೆ.

ಗಾಜಿನಲ್ಲಿ ತ್ಯಾಜ್ಯದ ಪಾಲು ಹೆಚ್ಚಿಸುವ ಹೊಸ ಪಾಕಕ್ಕೆ ಒಪ್ಪಿಗೆ ಬೀಳಲು ವಾರವಿದ್ದಾಗ ಅದೇ ಡ್ವೈಟ್ ಗೊಣಗಿದರು: "ಹೊಸ ಪಾಕದ ತಳ ಕೊಯ್ದು ತೆಗೆಯೋಕೆ ಹೋಗಿ ತಿಂಗಳಿಗೆ ನಾಲ್ಕು ಬ್ಲೇಡು ಹೋಯ್ತು. ಇದೇನು ಗಾಜೋ ಬಂಡೆಯೋ?"

"ಆ ತಳ ಎಲ್ಲಿ?"

"ಬುಟ್ಟೀಲಿ. ಬಿಸಾಕು ಅಂದಿದ್ದು ನೀನೇ ಅಲ್ವಾ?"

ವರ್ಲೀನ್ ಅಂಗಿಯ ತೋಳು ಮಡಚಿ ಬುಟ್ಟಿಗೆ ಕೈ ಹಾಕಿದರು. "ಯಾಕೆ, ಇವತ್ತು ಊಟ ತರ್ಲಿಲ್ವಾ?" ಎಂದು ಡ್ವೈಟ್ ನಕ್ಕರು.

ಸೂಕ್ಷ್ಮದರ್ಶಕದಡಿ ಆ ತಳದಲ್ಲಿ ಹರಳುಗಳು ಒತ್ತೊತ್ತಾಗಿ ಕೂತ ಕರಿ ಪದರ ಕಂಡಿತು. ನಡುವಿನ ತುಂಡಿನಲ್ಲಿ ಹರಳು ಕಡಿಮೆಯಿದ್ದದ್ದು ಹುಟ್ಟದೆ ಅಲ್ಲ, ಕೆಳಗಿಳಿದುಹೋಗಿ. ಆ ಪದ್ಧತಿ ಬಂದ ಹನ್ನೊಂದು ವರ್ಷ ಅವರು ಎಣಿಸಿದ್ದು ಉಳಿದ ಹರಳುಗಳನ್ನು. ಕೊಳವೆ ಮುಚ್ಚಬಲ್ಲವೆಲ್ಲ ಬುಟ್ಟಿ ಸೇರಿದ್ದವು.

ಡ್ವೈಟರ ನಗು ನಿಂತಿತು. "ಒಂದ್ ವಾರ ಸುಮ್ನಿರೇ ಮಾರಾಯ್ತಿ. ಇಷ್ಟು ವರ್ಷದ ಹೆಸರು ಒಂದೇ ದಿನಕ್ಕೆ ಹೋಗುತ್ತೆ."

"ಅಲ್ಲಿ ಕೊಳವೆ ಕಟ್ಕೊಂಡ್ರೆ ನನ್ನ ಹೆಸರು ತೂರಿಸಿ ಬಿಡಿಸ್ತೀಯಾ?"

ಪಾಕಕ್ಕೆ ಒಪ್ಪಿಗೆ ಕೊಡುವ ಸಭೆಯಲ್ಲಿ ವರ್ಲೀನ್ ನಾಲ್ಕು ತಳಗಳನ್ನು ಮೇಜಿನ ಮೇಲಿಟ್ಟರು. ನಿರ್ದೇಶಕ ಹಾಲಿಸ್ ಪ್ರೂಯಿಟ್ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. ಬೆಳಕು ಆಚೆ ಬರಲಿಲ್ಲ. "ಇಷ್ಟು ವರ್ಷ ಇದನ್ನ ಬಿಸಾಕಿ ಅಂದ ಪುಣ್ಯಾತ್ಮ ಯಾರು?"

"ನಾನೇ ಸಾರ್. ಗರಗಸದ ಮೇಲೆ ಹಾಗಂತ ಚೀಟಿ ಅಂಟಿಸಿದ್ದೂ ನಾನೇ."

ಪ್ರೂಯಿಟ್ ತಳವನ್ನು ಮೇಜಿಗಿಟ್ಟು, "ಮತ್ತೆ ಮಾಡೋಕೆ ಎಷ್ಟು ದಿನ ಬೇಕು?" ಎಂದರು.

"ಎರಡು ವರ್ಷ. ಬ್ಲೇಡೂ ಜಾಸ್ತಿ ಬೇಕು."

ಅವರು ತಮ್ಮದೇ ಅಂಕಿಗಳನ್ನು ತಾವೇ ಹೊಡೆದುಹಾಕಿ, ಹರಳು ಎಷ್ಟಿವೆ ಎನ್ನುವುದಕ್ಕಿಂತ ಎಷ್ಟು ಬೇಗ ಇಳಿಯುತ್ತವೆ ಎಂಬುದನ್ನು ಅಳೆದರು. ನಿಕ್ಕಲ್ ತಗ್ಗಿಸಿದರೆ ಹರಳು ಸಣ್ಣದಾಗಿಯೇ ಉಳಿದು ಗಾಜಿನೊಡನೆ ಹರಿದುಹೋಗುತ್ತದೆಂದು ತೋರಿಸಿದರು. ಆ ಪಾಕ ತುಂಬಿದ ಪ್ರಯೋಗದ ಕುಲುಮೆಯನ್ನು ಇಪ್ಪತ್ತು ದಿನ ಸುಮ್ಮನೆ ನಿಲ್ಲಿಸಿ ಮತ್ತೆ ಹರಿಯಬಿಟ್ಟಾಗ, ಕೊಳವೆಯಿಂದ ಗಾಜು ಜೇನಿನಂತೆ ಇಳಿಯಿತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ ವರ್ಲೀನ್, "ತಟ್ಟೋದು ಆಮೇಲೆ, ಮೊದಲು ಕೊಳವೆ ತಳದ ಗಾಜು ಕೊಯ್ದು ತೋರ್ಸಿ" ಎಂದರು. ಮರುವಾರ ಕೊಯ್ದರು. ಡ್ವೈಟರ ಹಳೇ ಬ್ಲೇಡೇ ಸಾಕಾಯಿತು.

"ತಳ ಬಿಸಾಕಿ" ಎಂಬ ಆ ಚೀಟಿ ಈಗಲೂ ಗರಗಸದ ಮೇಲಿದೆ. ಅವರೇ ಗೀಟು ಹೊಡೆದು, ಕೆಳಗೆ ತಮ್ಮ ಹೆಸರು ಬರೆದಿದ್ದಾರೆ. ಕಿತ್ತುಹಾಕಲು ಹೋದವರಿಗೆಲ್ಲ ಅವರಿಂದ ಬೈಗುಳ ಬಿದ್ದಿದೆ. ವರ್ಲೀನರು ಆರೋಗ್ಯದಿಂದ ಬಹುಕಾಲ ಬಾಳಲಿ, ಮನಸ್ಸಾದಾಗಲೆಲ್ಲ ಬಂದು ನಮ್ಮ ಬುಟ್ಟಿಗಳಲ್ಲಿ ಕೈಯಾಡಿಸಲಿ. ಚೀಟಿ ಅಲ್ಲೇ ಇರುತ್ತದೆ, ಇನ್ನು ಅದನ್ನು ಡ್ವೈಟ್ ಕಾಯುತ್ತಾರೆ.