ಕೇಳಿಕೊಂಡು ಹೋದ ಗಾಡಿ ದಾರಿ

ಕೋರ್ಟಿನಲ್ಲಿ ನಾನು ಸುಳ್ಳು ಹೇಳಿದ್ದರೆ ಇವತ್ತು ನಮ್ಮ ಟ್ರ್ಯಾಕ್ಟರ್ ಹೊಲಕ್ಕೆ ಹೋಗುತ್ತಿತ್ತು. ನಿಜ ಹೇಳಿ ಕೆಟ್ಟೆ. ಅದೂ ಯಾರ ಒತ್ತಾಯವೂ ಇಲ್ಲದೆ, ಜಂಬದಿಂದ ಹೇಳಿದ ನಿಜ.

ಹಾರನಹಳ್ಳಿ ಕಡೆಯ ಆ ಹೊಲವನ್ನು ಅಪ್ಪ ನನ್ನ ಹೆಸರಿಗೆ ಬರೆದುಕೊಟ್ಟರು. ನಮ್ಮ ಯಜಮಾನರು ಮನೆ ಅಳಿಯ. ಇಬ್ಬರೂ ಸೇರಿ ಹೊಗೆಸೊಪ್ಪು ಬೆಳೆಯುತ್ತೇವೆ. ಹೊಲದಿಂದ ಮನೆ ಹಿಂದಿನ ಬ್ಯಾರನ್‌ಗೆ, ಅಂದರೆ ಸೊಪ್ಪನ್ನು ಬಿಸಿಗೆ ಒಣಗಿಸುವ ಗೂಡಿಗೆ, ಸೊಪ್ಪು ತರುವ ಗಾಡಿ ದಾರಿ ಇರುವುದು ಪಕ್ಕದ ಹೊಲದೊಳಗೆ. ಅದು ದಾಯಾದಿ ಚಿಕ್ಕಪ್ಪನ ಹೊಲ. ಶುಂಠಿ ಬೆಳೆಯುವವರಿಗೆ ಗುತ್ತಿಗೆ ಕೊಟ್ಟಾಗ ಚಿಕ್ಕಪ್ಪ ದಾರಿಗೆ ಅಡ್ಡ ಕಲ್ಲುಕಂಬ ನೆಡಿಸಿ ತಂತಿ ಬೇಲಿ ಎಳೆಸಿದರು. ಶುಂಠಿಯವರು ಹೋದರು, ಬೇಲಿ ಉಳಿಯಿತು. ಮಾತಿಗೆ ಮಾತು ಬೆಳೆದು ನಾವು ದಾವಾ ಹಾಕಿದೆವು.

ಸಾಕ್ಷಿ ಹೇಳಿದವಳು ನಾನು. ಎದುರು ವಕೀಲರು ಬಹಳ ಮೆತ್ತಗೆ ಕೇಳಿದರು: ನಿಮ್ಮ ಮನೆಯವರು ಗಾಡಿ ಹೊಡೆಯುವ ಮೊದಲು ಚಿಕ್ಕಪ್ಪನವರಿಗೆ ಒಂದು ಮಾತು ಹೇಳುತ್ತಿದ್ದರೇನಮ್ಮ? ನಮ್ಮ ಮನೆಯ ಮರ್ಯಾದೆಯ ಪ್ರಶ್ನೆ ಅಂದುಕೊಂಡೆ. ಹೇಳದೆ ಹೋಗುವ ಜನ ನಾವಲ್ಲ, ಪ್ರತಿ ವರ್ಷ ಮೊದಲ ಸೊಪ್ಪು ಮುರಿಯುವ ದಿನ ಅವ್ವ ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಬೆಲ್ಲ ಇಟ್ಟು ನನ್ನ ಕೈಲಿ ಕಳಿಸುತ್ತಿದ್ದಳು, 'ಗಾಡಿ ಹೊಡ್ಕೊಳ್ಳಾ ಚಿಕ್ಕಪ್ಪ?' ಅಂತ ಕೇಳಿಯೇ ನಾವು ಹೊಡೆದದ್ದು ಎಂದೆ. ಬೆಲ್ಲ ಎಷ್ಟು ಅಚ್ಚು ಅನ್ನುವುದನ್ನೂ ಹೇಳಿದೆ. ಟೈಪಿಸ್ಟ್ ಟಕಟಕ ಹೊಡೆದರು. ನಮ್ಮ ವಕೀಲರು ಹಣೆ ಉಜ್ಜಿಕೊಂಡರು.

ಕಾನೂನು ಇಷ್ಟೇ. ಇಪ್ಪತ್ತು ವರ್ಷ ಯಾರನ್ನೂ ಕೇಳದೆ ರಾಜಾರೋಷವಾಗಿ ಓಡಾಡಿದ್ದರೆ ದಾರಿ ನಮ್ಮ ಹಕ್ಕು. ಕೇಳಿಕೊಂಡು ಓಡಾಡಿದ್ದರೆ ನೂರು ವರ್ಷವಾದರೂ ಅದು ಅವರ ಉಪಕಾರ. ಬೇರೆ ದಾರಿಯೇ ಇಲ್ಲ ಎನ್ನುವ ಹಾಗೂ ಇಲ್ಲ, ನಾಲೆ ಏರಿಯ ಮೇಲೆ ಕಾಲುದಾರಿ ಇದೆ. ಸೋತೆವು.

ಹುಣಸೂರಿನಲ್ಲಿ ಅಪೀಲು ಹಾಕಿದೆವು. ಅಪೀಲು ಎಂದರೆ ಮೊದಲಿಂದ ಎಲ್ಲ ಇನ್ನೊಂದು ಸಲ ಎಂದುಕೊಂಡಿದ್ದೆ. ಈ ಸಲ ಕಟಕಟೆಯಲ್ಲಿ ಸರಿಯಾಗಿ ಹೇಳುತ್ತೇನೆ ಸಾರ್ ಎಂದಾಗ ವಕೀಲರು ಕನ್ನಡಕ ತೆಗೆದರು.

"ಇಲ್ಲಿ ನಿಮ್ಮನ್ನ ಯಾರೂ ಕರೆಯಲ್ಲಮ್ಮ. ಕೆಳಗಿನ ಕೋರ್ಟಿನ ಕಡತ ಬರುತ್ತೆ, ಜಡ್ಜ್ ಅದನ್ನ ಓದ್ತಾರೆ. ನಾನು ಮಾತಾಡ್ತೀನಿ, ಅವರ ವಕೀಲರು ಮಾತಾಡ್ತಾರೆ. ನೀವು ಹೇಳೋದು ಮುಗೀತು."

ಇನ್ನೊಂದು ಮಾತನ್ನೂ ಸೇರಿಸಿದರು. ಅಪೀಲು ಮುಗಿಯುವವರೆಗೆ ಚಿಕ್ಕಪ್ಪನ ಹತ್ತಿರ ಹೋಗಿ ದಾರಿ ಕೇಳಬಾರದು. ಕೇಳಿದರೆ ಇದ್ದಬದ್ದ ಕೇಸೂ ಹೋಯಿತು.

ಹಾಗಾಗಿ ಕೇಳಲಿಲ್ಲ. ಮೂರು ಬೆಳೆ ತಲೆ ಮೇಲೆ ಹೊತ್ತೆವು. ಮುರಿದ ಸೊಪ್ಪು ಬಾಡುವ ಮೊದಲು ಕಡ್ಡಿಗೆ ಕಟ್ಟಿ ಬ್ಯಾರನ್ ಸೇರಬೇಕು. ನಾಲೆ ಏರಿ ಸುತ್ತಿ ಬರುವಷ್ಟರಲ್ಲಿ ಅರ್ಧ ಜೋತುಬೀಳುತ್ತಿತ್ತು. ಏರಿಯ ಮೇಲಿಂದ ಗಾಡಿ ದಾರಿ ಕಾಣುತ್ತದೆ. ಖಾಲಿ.

ವಾದದ ದಿನ ನಾನೂ ಚಿಕ್ಕಪ್ಪನೂ ಒಂದೇ ಬೆಂಚು. ಜಡ್ಜ್ ನನ್ನ ಮಾತನ್ನೇ ಗಟ್ಟಿಯಾಗಿ ಓದಿದರು. ಅವ್ವನ ತಟ್ಟೆ, ಎಲೆ ಅಡಿಕೆ, ಬೆಲ್ಲ, ಎಲ್ಲ ಕೋರ್ಟಿನ ಕನ್ನಡದಲ್ಲಿ. ಇದು ಅನುಮತಿಯಲ್ಲದೆ ಇನ್ನೇನು ಎಂದು ಕೇಳಿದರು. ಅದು ಬರೀ ಮರ್ಯಾದೆ ಸ್ವಾಮಿ ಎನ್ನಲು ನಾನು ಎದ್ದೇಬಿಟ್ಟೆ. ಬಾಯಿ ತೆರೆಯುವಷ್ಟರಲ್ಲಿ ಜವಾನರು ಕೈಸನ್ನೆ ಮಾಡಿ ಕೂರಿಸಿದರು. ನಮ್ಮ ವಕೀಲರು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ಎಲ್ಲರೂ ನನ್ನ ಬಗ್ಗೆ ಮಾತಾಡುತ್ತಿದ್ದರು, ನಾನು ಅಲ್ಲೇ ಇದ್ದೆ.

ಹೊರಗೆ ಟೀ ಅಂಗಡಿಯಲ್ಲಿ ಚಿಕ್ಕಪ್ಪ ಪಕ್ಕಕ್ಕೆ ಬಂದು ನಿಂತರು.

"ದಾರಿ ಬುಡಿ ಅಂತ ಒಂದ್ ಮಾತ್ ಕೇಳವ್ವ. ನಾಳೀಕೇ ಬೇಲಿ ಬಿಚ್ಚುಸ್ತೀನಿ."

"ಕೇಳಂಗಿಲ್ಲ ಚಿಕ್ಕಪ್ಪ. ಲಾಯರು ಬ್ಯಾಡ ಅಂದವ್ರೆ. ನೀವೇ ಸುಮ್ಕೆ ಬುಟ್ಬುಡಿ."

"ನನ್ ಲಾಯರು ಕೇಳ್ದೆ ಬುಡ್ಬ್ಯಾಡ ಅಂದವ್ನೆ ಕಣವ್ವ. ಬುಟ್ರೆ ನಿನ್ ಹಕ್ಕು ಒಪ್ಕಂಡಂಗಂತೆ."

ಇಬ್ಬರೂ ಟೀ ಕುಡಿದೆವು. ದುಡ್ಡು ಅವರೇ ಕೊಟ್ಟರು. ಅದರಿಂದ ಯಾವ ಹಕ್ಕು ಹುಟ್ಟುತ್ತದೋ ಗೊತ್ತಿಲ್ಲ.

ಅಪೀಲು ವಜಾ ಆಯಿತು. ಇನ್ನು ಹೈಕೋರ್ಟು. ಹೊಲದಲ್ಲಿ ಏನು ನಡೆಯಿತು ಎಂಬುದನ್ನು ಅಲ್ಲಿ ಸಾಮಾನ್ಯವಾಗಿ ಮತ್ತೆ ನೋಡುವುದೇ ಇಲ್ಲವಂತೆ, ದೊಡ್ಡ ಕಾನೂನಿನ ಪ್ರಶ್ನೆ ಇದ್ದರೆ ಮಾತ್ರ ಒಳಗೆ ತೆಗೆದುಕೊಳ್ಳುತ್ತಾರಂತೆ. ಮರ್ಯಾದೆಗೆ ಕೇಳಿದ್ದು ಅನುಮತಿಯೋ ಅಲ್ಲವೋ ಅನ್ನುವುದೇ ಪ್ರಶ್ನೆ ಮಾಡುತ್ತೇನೆ ಎಂದರು ವಕೀಲರು. ಹಾಕಲು ಮೂರು ತಿಂಗಳು ಸಮಯವಿದೆ, ಆ ಕೇಸು ಮುಗಿಯುವವರೆಗೂ ಕೇಳಬೇಡಿ ಎಂದರು.

ಸೊಪ್ಪು ಮುರಿಯುವ ದಿನ ಬಂತು. ಮೂರು ಬೆಳೆ ಹೊತ್ತು ಯಜಮಾನರ ಕತ್ತು ಆಗಲೇ ಊದಿತ್ತು. ನಾನು ಅವ್ವನ ತಟ್ಟೆ ತೆಗೆದು ಎಲೆ ಅಡಿಕೆ, ಕಾಯಿ, ಬೆಲ್ಲ ಇಟ್ಟುಕೊಂಡು ಹೋದೆ. ಚಿಕ್ಕಪ್ಪ ಜಗಲಿಯಲ್ಲಿದ್ದರು. ತಟ್ಟೆ ಇಟ್ಟು ಸುಮ್ಮನೆ ನಿಂತೆ. ಅವರು ತಟ್ಟೆ ನೋಡಿದರು, ನನ್ನನ್ನು ನೋಡಿದರು.

"ಏನಾರ ಅಂದ್ಯೇನವ್ವ?"

"ಏನೂ ಅನ್ನಿಲ್ಲ."

"ಇದು ಕೇಳ್ದಂಗೋ, ಕೇಳ್ದಂಗಲ್ವೋ?"

"ನಂಗೇನ್ ಗೊತ್ತು ಚಿಕ್ಕಪ್ಪ."

ಅವರ ಕೈ ವೀಳ್ಯದೆಲೆಯ ಹತ್ತಿರ ಹೋಗಿ ನಿಂತಿತು. ಆಮೇಲೆ ಹಿಂದಕ್ಕೆ ಹೋಗಿ ಜೇಬಿನಿಂದ ಫೋನು ತೆಗೆಯಿತು. "ಲಾಯರ್‌ನ ಒಂದ್ ಮಾತ್ ಕೇಳ್ಬುಟ್ಟು ಹೇಳ್ತೀನಿ ಕಣವ್ವ, ಬ್ಯಾಸರ ಮಾಡ್ಕಬ್ಯಾಡ."

ಫೋನು ರಿಂಗಾಯಿತು, ಯಾರೂ ಎತ್ತಲಿಲ್ಲ. ನಾನು ಬಂದುಬಿಟ್ಟೆ. ಸೊಪ್ಪು ಏರಿ ಮೇಲೆಯೇ ಬಂತು.

ಹೈಕೋರ್ಟಿನ ಕಾಗದಕ್ಕೆ ಸಹಿ ಹಾಕಿದ್ದೇನೆ. ತಟ್ಟೆ ಇನ್ನೂ ಅವರ ಜಗಲಿಯಲ್ಲೇ ಇದೆ, ಎಲೆ ಒಣಗಿದೆಯಂತೆ. ಅವರು ತಂದುಕೊಟ್ಟಿಲ್ಲ. ನಾನೂ ಹೋಗಿ ಕೇಳುವಂತಿಲ್ಲ.