ನಮ್ಮ ಕಂಪನಿಯ ದೊರೆ
ರಾಜನ ಪಾತ್ರ ಮಾಡಿ ಮಾಡಿ ನಮ್ಮ ನಾಟಕ ಕಂಪನಿಯ ಆ ನಟನಿಗೆ ದೊರೆ ಎಂಬ ಹೆಸರೇ ನಿಂತುಹೋಗಿತ್ತು. ಅವನು ಚಹಾ ಕೇಳಿದರೂ ಯುದ್ಧ ಸಾರಿದಂತಿರುತ್ತಿತ್ತು. ಕೆಮ್ಮಿದರೆ ಕೊನೆಯ ಕುರ್ಚಿಯವನೂ ಬೆಚ್ಚಿಬೀಳಬೇಕು. ಸಿನಿಮಾದಲ್ಲಿ ನಾಯಕನಾಗಿ ಮೆರೆಯುತ್ತಿದ್ದ ಕಾಲದಲ್ಲೇ, ಮದುವೆ ಯಾವಾಗ ಎಂದ ಪತ್ರಿಕೆಯವರಿಗೆ, "ಆಗೋದೆಲ್ಲ ಆಗಿದೆ. ನಾಟಕದಲ್ಲಿ ಪರದೆ ಹಿಂದೆ ನಿಂತು ಮಾತು ಹೇಳಿಕೊಡ್ತಾರಲ್ಲ, ಅವರೇ ನಮ್ಮನೆಯವರು" ಎಂದು ಕನ್ನಡಕ ಹಾಕಿದ ಒಬ್ಬ ಗಂಡಸನ್ನು ತೋರಿಸಿದ್ದ. ಆಮೇಲೆ ಸಿನಿಮಾದವರು ಅವನಿಗೆ ಕೊಟ್ಟದ್ದು ಜಡ್ಜು, ಡಾಕ್ಟರು, ಸಾಯುವ ಅಪ್ಪನ ಪಾತ್ರಗಳಷ್ಟೇ. "ಹೋಗ್ಲಿ ಬಿಡಕ್ಕ, ಮರ ಸುತ್ತಿ ಸುತ್ತಿ ತಲೆ ತಿರುಗ್ತಿತ್ತು" ಎಂದು ವೇಷ ಹೊಲಿಯುವ ಅಕ್ಕನ ಮುಂದೆ ನಗುತ್ತಿದ್ದ. ರಾಜ ಊರು ಬಿಟ್ಟು ಹೊರಡುವ ದೃಶ್ಯದಲ್ಲಿ ಮಾತ್ರ ಅವನು ಒಂದು ಸಾಲಿಗೆ ಯಾವಾಗಲೂ ತಡೆದು ನಿಲ್ಲುತ್ತಿದ್ದ. ಪರದೆಯ ಹಿಂದಿನಿಂದ ಪಿಸುಮಾತು ಬರುತ್ತಿತ್ತು, ನಾಟಕ ಮುಂದೆ ಸಾಗುತ್ತಿತ್ತು. ಪಿಸುಗುಟ್ಟುವವರು ತೀರಿಕೊಂಡ ಮೇಲೂ ಅವನು ಅಲ್ಲೇ ನಿಂತಾಗ ಹೊಸ ನಿರ್ದೇಶಕ ರೇಗಿದ. "ವಯಸ್ಸಾಯ್ತು ದೊರೆ. ಇನ್ನೊಂದು ಸಲ ಮರೆತ್ರೆ ಪಾತ್ರ ಬೇರೆಯವರಿಗೆ." ರಾಜನ ಅಂಗಿಯ ತೋಳಿಗೆ ಹೊಲಿಗೆ ಹಾಕುತ್ತಿದ್ದ ಅಕ್ಕನಿಗೆ ತಡೆಯಲಾಗಲಿಲ್ಲ: "ಇವನು ಮರೀತಾನಾ? ಎಲ್ಲರ ಮಾತೂ ಇವನಿಗೆ ಬಾಯಿಪಾಠ ಕಣಪ್ಪ!" ದೊರೆ ಕಿರೀಟ ತೆಗೆದು ಮಡಿಲಲ್ಲಿಟ್ಟುಕೊಂಡ. "ಮರೆತಿಲ್ಲಪ್ಪ. ಮೂವತ್ತು ವರ್ಷ ಆ ಸಾಲನ್ನ ಅವರ ಬಾಯಲ್ಲಿ ಕೇಳ್ಬೇಕು ಅಂತ್ಲೇ ನಿಲ್ತಿದ್ದೆ. ಈಗ್ಲೂ ಒಂದು ಗಳಿಗೆ ಕಾಯ್ತೀನಿ. ಪಾತ್ರ ಬೇಕಾದ್ರೆ ಬೇರೆಯವರಿಗೆ ಕೊಡು, ಅವರು ಹೇಳೋಕ್ ಮುಂಚೆ ನಾನು ಹೇಳಲ್ಲ."